ಕಟ್ಟುವುದನ್ನು ಎಲ್ಲಿ ನಿಲ್ಲಿಸಬೇಕು?



ಬಡವರಿಗೆಂದು ಕಟ್ಟಿಸಿದ ಮನೆಯನ್ನು ನಾವು ಇಂಜಿನಿಯರುಗಳು ಕಣ್ಣಿಟ್ಟು ನೋಡುವುದು ಮೂರು ಸಲ: ನಕ್ಷೆ ಮಂಜೂರಾಗುವಾಗ, ಬಿಲ್ಲು ಪಾಸಾಗುವಾಗ, ಮಂತ್ರಿಗಳು ಬೀಗದ ಕೈ ಹಂಚುವ ದಿನ. ಹತ್ತು ವರ್ಷ ಕಳೆದ ಮೇಲೆ ಆ ಮನೆಯಲ್ಲಿ ಯಾರಿದ್ದಾರೆ, ಯಾವ ಗೋಡೆ ಒಡೆದಿದ್ದಾರೆ, ಯಾವುದನ್ನು ಹೊಸದಾಗಿ ಎಬ್ಬಿಸಿದ್ದಾರೆ, ಪಕ್ಕದ ಮನೆಯವರೊಡನೆ ಮಾತುಕತೆ ಇದೆಯೇ ಎಂದು ನೋಡಿಬರಲು ಸಾಮಾನ್ಯವಾಗಿ ಯಾರನ್ನೂ ಕಳಿಸುವುದಿಲ್ಲ. ವಸತಿಯ ಸಾಮಾಜಿಕ ಸುಸ್ಥಿರತೆ ಎಂದು ಈಗ ಸಮ್ಮೇಳನಗಳಲ್ಲಿ ಚರ್ಚೆಯಾಗುವ ಸಂಗತಿ ಸಿಕ್ಕುವುದು ಆ ನಾಲ್ಕನೆಯ ನೋಟದಲ್ಲಿ. ಅದರ ವ್ಯಾಖ್ಯೆಗೆ ನಾನು ಹೋಗುವುದಿಲ್ಲ. ಕೆಲವು ಊರುಗಳ ಕಥೆ ಹೇಳುತ್ತೇನೆ. ಈಜಿಪ್ಟಿನದು, ಇಂದೋರಿನದು, ಪೆರು, ಚಿಲಿ ದೇಶಗಳದು, ಸಿಂಧ್ ಪ್ರಾಂತ್ಯದ್ದು; ನಡುವೆ ನಮ್ಮ ಮಲಪ್ರಭೆಯ ದಂಡೆಯದೂ ಬರುತ್ತದೆ. ಎಲ್ಲ ಕಡೆಯೂ ನಾನು ಕೇಳುವ ಪ್ರಶ್ನೆ ಒಂದೇ. ಸರ್ಕಾರ, ಅದರ ಜೊತೆಗೆ ನಾವು ವಿನ್ಯಾಸಕಾರರು, ಕಟ್ಟುವುದನ್ನು ಎಲ್ಲಿ ನಿಲ್ಲಿಸಬೇಕು?

ಮೊದಲು ಈಜಿಪ್ಟ್. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಲಕ್ಸಾರ್ ಪಟ್ಟಣದ ಎದುರಿಗೆ, ಗುರ್ನಾ ಎಂಬ ಊರಿತ್ತು. ಗುಡ್ಡದ ಇಳಿಜಾರಿನಲ್ಲಿ, ಪ್ರಾಚೀನ ಥೀಬ್ಸ್‌ನ ಗಣ್ಯರ ಗೋರಿಗಳ ಮೇಲೆಯೇ ಮನೆಗಳು. ಗೋರಿಯೊಳಗಿನ ವಸ್ತುಗಳು ಕಳ್ಳದಾರಿಯಲ್ಲಿ ಹೊರಹೋಗುತ್ತಿವೆ ಎಂದು ಅಲ್ಲಿಯ ಪುರಾತತ್ವ ಇಲಾಖೆ ಇಡೀ ಊರನ್ನೇ ಎತ್ತಂಗಡಿ ಮಾಡಲು ತೀರ್ಮಾನಿಸಿತು. ಕೆಳಗೆ ಬಯಲಿನಲ್ಲಿ ಹೊಸ ಊರು ಕಟ್ಟುವ ಕೆಲಸ 1940ರ ದಶಕದ ನಡುವಿನಲ್ಲಿ ಹಸನ್ ಫಾತಿ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಫಾತಿ ಸಾಮಾನ್ಯರಲ್ಲ. ಸಿಮೆಂಟು ಕಬ್ಬಿಣದ ಹಂಗಿಲ್ಲದೆ ಹಸಿ ಇಟ್ಟಿಗೆಯಲ್ಲೇ ಮನೆ ಏಳಬೇಕೆಂದು ಹಟ ಹಿಡಿದರು. ಸೆಂಟ್ರಿಂಗ್ ಇಲ್ಲದೆ ಬರಿಗೈಯಲ್ಲಿ ಕಮಾನು ಚಾವಣಿ ಎಬ್ಬಿಸಬಲ್ಲ ನುಬಿಯಾದ ಮೇಸ್ತ್ರಿಗಳನ್ನು ಕರೆಸಿದರು. ಒಂದೊಂದು ಬಳಗದ ಮನೆಗಳು ಒಂದೊಂದು ಅಂಗಳದ ಸುತ್ತ ಬರುವಂತೆ ಜೋಡಿಸಿದರು. ಮಸೀದಿ, ಶಾಲೆ, ಸಂತೆಯ ಬಯಲು, ಕೊನೆಗೆ ಒಂದು ರಂಗಮಂದಿರ ಕೂಡ ನಕ್ಷೆಯಲ್ಲಿತ್ತು. ಇವತ್ತು ಯಾರಾದರೂ ವಿದ್ಯಾರ್ಥಿ ಅಂಥ ನಕ್ಷೆ ತಂದರೆ ನಾನು ಕಣ್ಣುಮುಚ್ಚಿ ಮೊದಲ ದರ್ಜೆ ಕೊಡುತ್ತೇನೆ.

ಗುರ್ನಾದ ಜನ ಬರಲಿಲ್ಲ. ಹೊಸ ಊರಿಗೆ ನೀರು ನುಗ್ಗಲೆಂದು ಒಡ್ಡು ಒಡೆದ ಪ್ರಸಂಗವನ್ನು ಫಾತಿಯವರೇ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಯೋಜನೆಯ ಒಂದು ಪಾಲಷ್ಟೇ ಮುಗಿದು ದಶಕದ ಕೊನೆಗೆ ಕೆಲಸ ನಿಂತುಹೋಯಿತು. ಗುಮ್ಮಟದ ಚಾವಣಿ ಆ ಜನಕ್ಕೆ ಸಮಾಧಿಯನ್ನು ನೆನಪಿಸುತ್ತಿತ್ತು ಎಂಬ ವಿವರಣೆಯನ್ನು ಪಠ್ಯಗಳಲ್ಲಿ ಓದುತ್ತೇವೆ. ಅದೂ ಇದ್ದೀತು. ಆದರೆ ಹೊಟ್ಟೆಪಾಡಿನ ವಿಷಯ ಅದಕ್ಕಿಂತ ದೊಡ್ಡದು. ಗುಡ್ಡದ ಮೇಲಿದ್ದರೆ ಪ್ರವಾಸಿಗಳಿಗೆ ದಾರಿ ತೋರಿಸಬಹುದು, ಉತ್ಖನನದ ಕೂಲಿ ಸಿಗುತ್ತದೆ, ಹಳೆಯದರಂತೆ ಕಾಣುವ ಹೊಸ ಗೊಂಬೆ ಕೆತ್ತಿ ಮಾರಬಹುದು; ಇಲಾಖೆ ಹೇಳುವ ಆ ಇನ್ನೊಂದು ವ್ಯಾಪಾರವೂ ಇತ್ತು. ಬಯಲಿಗಿಳಿದರೆ ಇವೆಲ್ಲ ಕೈಬಿಡುತ್ತವೆ. ಅಂಗಳ, ಗಾಳಿ, ಬೆಳಕು, ಮಣ್ಣು ಎಲ್ಲದರಲ್ಲೂ ಸರಿಯಾಗಿದ್ದ ಮನೆ, ಮುಖ್ಯವಾಗಿ ಇರುವವರ ಸಂಪಾದನೆಯ ಜಾಗದಿಂದ ದೂರವಿದ್ದ ಕಾರಣಕ್ಕೆ ಖಾಲಿ ಉಳಿಯಿತು. ಮನೆ ಎಲ್ಲಿರಬೇಕೆಂಬ ತೀರ್ಮಾನ ಆಗಿಹೋದ ಮೇಲೆ ವಾಸ್ತುಶಿಲ್ಪಿಯನ್ನು ಕರೆದಿದ್ದರು. ಎಂಥ ಪ್ರತಿಭಾವಂತನಾದರೂ ಆ ಹೊತ್ತಿಗೆ ಮಾಡುವುದು ಹೆಚ್ಚೇನೂ ಇರುವುದಿಲ್ಲ.

ನಮ್ಮಲ್ಲಿ ಇದೇ ಕಥೆ ನೆರೆಯ ರೂಪದಲ್ಲಿ ಬಂತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದ ಹೊಳೆಸಾಲಿನ ಹಳ್ಳಿಗಳು ಮುಳುಗಿದವು. ಸರ್ಕಾರ ದಾನಿಗಳನ್ನು ಜೊತೆಗೆ ಸೇರಿಸಿಕೊಂಡು ‘ಆಸರೆ’ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಉದ್ದೇಶದಲ್ಲಿ ದೋಷವಿರಲಿಲ್ಲ, ಹಣವೂ ಬಂತು. ಆದರೂ ಎಷ್ಟೋ ಕಡೆ ಬಡಾವಣೆ ಪಾಳುಬಿತ್ತು. ಬಾಗಿಲು ಕಿಟಕಿ ಕಾಣೆಯಾದವು, ಜಾಲಿ ಬೆಳೆಯಿತು. ಬಾಗಲಕೋಟೆ, ಗದಗ ಕಡೆಯ ರೈತನ ಮನೆಯನ್ನು ಒಳಹೊಕ್ಕು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ತಲಬಾಗಿಲು ದಾಟಿದೊಡನೆ ದಂದಕ್ಕಿ, ದನ ಕಟ್ಟುವ ಜಾಗ. ಒಂದು ಮೆಟ್ಟಿಲೇರಿದರೆ ಪಡಸಾಲೆ. ಮೇಲೆ ಮಣ್ಣಿನ ಮಾಳಿಗೆ: ಮೆಣಸಿನಕಾಯಿ ಒಣಹಾಕುವುದು, ಶಾವಿಗೆ ಹೊಸೆಯುವುದು, ಬೇಸಿಗೆಯಲ್ಲಿ ಮಲಗುವುದು ಎಲ್ಲ ಅಲ್ಲಿಯೇ. ಹೊಸ ಮನೆಯಲ್ಲಿ ಎತ್ತು ಎಲ್ಲಿ ಕಟ್ಟಬೇಕು, ಕಣಿಕೆ ಎಲ್ಲಿ ಒಟ್ಟಬೇಕು, ಬೇಸಾಯದ ಸಾಮಾನು ಎಲ್ಲಿಡಬೇಕು ಎಂದು ಯಾರೂ ಕೇಳಿರಲಿಲ್ಲ. ಹೊಲಕ್ಕೆ ಹೋಗಿಬರುವ ದಾರಿಯೂ ಉದ್ದವಾಯಿತು. ಎಷ್ಟೋ ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ನೀರು ಮತ್ತೆ ಅದೇ ಓಣಿಗಳಿಗೆ ನುಗ್ಗಿತು.

ಮಹಾರಾಷ್ಟ್ರದ ಕಿಲ್ಲಾರಿಯನ್ನೂ ಇಲ್ಲಿ ನೆನೆಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ ಆ ಭೂಕಂಪಕ್ಕೆ ನಮ್ಮ ಕಲಬುರಗಿ, ಬೀದರ್ ಕಡೆಯೂ ನೆಲ ನಡುಗಿತ್ತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳನ್ನು ಪೂರ್ತಿಯಾಗಿ ಹೊಸ ಜಾಗಕ್ಕೆ ಒಯ್ದರು. ಜಮೀನು ಎಷ್ಟಿದೆ ಎಂಬುದನ್ನು ನೋಡಿ 250, 400, 750 ಚದರ ಅಡಿಯ ಮೂರು ದರ್ಜೆಯ ಮನೆ. ಚೌಕಾಬಾರದ ಮನೆ ಗೀಚಿದಂತೆ ನೇರ ಅಗಲ ರಸ್ತೆಗಳು. ಹಳೆಯ ಇಕ್ಕಟ್ಟಿನ ಓಣಿಯಲ್ಲಿ ಒಬ್ಬರ ಗೋಡೆಯ ನೆರಳು ಇನ್ನೊಬ್ಬರ ಕಟ್ಟೆಗೆ ಬೀಳುತ್ತಿತ್ತು. ಅಲ್ಲಿ ಹೆಂಗಸರು ಕೂತು ಕಾಳು ಹಸನು ಮಾಡುತ್ತಿದ್ದರು. ನಲವತ್ತು ಅಡಿ ರಸ್ತೆಯ ಬಿಸಿಲಲ್ಲಿ ಯಾರು ಕೂರುತ್ತಾರೆ?

ಇಲ್ಲಿ ಒಂದು ಮಾತನ್ನು ತಡೆದು ಹೇಳಬೇಕು. ಹಳೆಯ ಊರಿನ ನೆರೆಹೊರೆಯನ್ನು ಇದ್ದ ಹಾಗೆಯೇ ಎತ್ತಿಟ್ಟರೆ ಸಮಾಜ ಉಳಿಯುತ್ತದೆ ಎನ್ನುವವರಿದ್ದಾರೆ. ನಮ್ಮ ಹಳ್ಳಿಯನ್ನು ಇದ್ದ ಹಾಗೆ ಎತ್ತಿಟ್ಟರೆ ಊರಾಚೆಯ ಕೇರಿಯನ್ನೂ ಊರಾಚೆಯೇ ಎತ್ತಿಡಬೇಕಾಗುತ್ತದೆ. ಅದನ್ನು ಸುಸ್ಥಿರತೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಹಾಗೆಂದು ಕಣ್ಣುಕಟ್ಟಿ ಲಾಟರಿ ಎತ್ತಿದರೆ, ಕೂಲಿಗೆ ಹೋಗುವ ತಾಯಿ ಮಗುವನ್ನು ಬಿಟ್ಟುಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿ ಏಳನೆಯ ಬ್ಲಾಕಿಗೆ ಹೋಗಿರುತ್ತಾಳೆ. ಐದಾರು ಮನೆಯವರು ಒಟ್ಟಾಗಿ ಅರ್ಜಿ ಹಾಕಲಿ, ಗುಂಪಿಗೆ ಗುಂಪಾಗಿ ಲಾಟರಿ ಎತ್ತಲಿ, ಆದರೆ ಜಾತಿಗೊಂದು ಸಾಲು ಬೇಡ ಎಂಬುದು ನನ್ನ ಸಲಹೆ. ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಅಧಿಕಾರಿಯೊಬ್ಬರು ನಕ್ಕು, ತಂತ್ರಾಂಶದಲ್ಲಿ ಅಂಥ ಅವಕಾಶವಿಲ್ಲ ಸಾರ್ ಎಂದರು.

ಇಂದೋರಿನಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. 1980ರ ದಶಕದ ಆರಂಭದಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಊರಿನ ಅಂಚಿನ ಸುಮಾರು 85 ಹೆಕ್ಟೇರ್ ಜಾಗದಲ್ಲಿ ಬಡಾವಣೆ ಮಾಡಲು ಹೊರಟಿತು. ಕೆಲಸ ಒಪ್ಪಿಕೊಂಡವರು ಅಹಮದಾಬಾದಿನ ಬಾಲಕೃಷ್ಣ ದೋಶಿ ಮತ್ತು ಅವರ ವಾಸ್ತುಶಿಲ್ಪ ಫೌಂಡೇಶನ್. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಪತ್ರಿಕೆಗಳಲ್ಲಿ ಹೆಸರು ಓದಿದ್ದೀರಿ. 2023ರ ಜನವರಿಯಲ್ಲಿ ತೀರಿಕೊಂಡರು. ನಕ್ಷೆ ಬರೆಯುವ ಮೊದಲು ಅವರ ತಂಡ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇಂದೋರಿನ ಕೊಳೆಗೇರಿಗಳನ್ನೇ ಅಳೆಯಿತು. ಬಡವರಿಗೆ ಏನಿಲ್ಲ ಎಂಬ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ಇವರು ಬಡವರು ಏನು ಕಟ್ಟಿಕೊಂಡಿದ್ದಾರೆ ಎಂಬುದರ ಪಟ್ಟಿ ಮಾಡಿದರು: ಮನೆಯ ಮುಂದಿನ ಕಟ್ಟೆ, ಮರ, ಗುಡಿ, ಕೆಲಸದ ಜಾಗ, ಬೀದಿ ಎಲ್ಲಿ ಅಗಲವಾಗಿ ಕೂರಲು ಎಡೆಕೊಡುತ್ತದೆ, ಎಲ್ಲಿ ಕಿರಿದಾಗುತ್ತದೆ. 1984ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ನಮ್ಮ ಕಾಲೇಜುಗಳಲ್ಲಿ ಮಕ್ಕಳನ್ನು ಹಂಪಿ, ಬಾದಾಮಿಗೆ ಕರೆದೊಯ್ದು ಅಳತೆ ತೆಗೆಸುತ್ತೇವೆ. ಕೊಳೆಗೇರಿಗೆ ಟೇಪು ಹಿಡಿದು ಕಳಿಸುವುದು ಅಪರೂಪ.

ಹೀಗೆ ಹುಟ್ಟಿದ್ದು ಅರಣ್ಯ ಬಡಾವಣೆ. ಸುಮಾರು 6,500 ನಿವೇಶನ, ಆರು ವಿಭಾಗ, ನಡುವೆ ಅಂಗಡಿಗಳ ಬೆನ್ನೆಲುಬಿನಂಥ ಬೀದಿ. ನಿವೇಶನಗಳಲ್ಲಿ ನೂರಕ್ಕೆ ಸುಮಾರು 65 ಪಾಲು ಆರ್ಥಿಕವಾಗಿ ಹಿಂದುಳಿದವರಿಗೆ. ಅವರ ನಿವೇಶನದ ಅಳತೆ 35 ಚದರ ಮೀಟರ್, ಅಂದರೆ ಸುಮಾರು 380 ಚದರ ಅಡಿ. ನಮ್ಮ 20-30 ಸೈಟಿನ ಮೂರನೆಯ ಎರಡು ಪಾಲೂ ಇಲ್ಲ. ದೊಡ್ಡ ನಿವೇಶನಗಳನ್ನು ಹೆದ್ದಾರಿ, ಮುಖ್ಯರಸ್ತೆಗಳ ಮಗ್ಗುಲಿಗೆ ಇಟ್ಟು, ಅನುಕೂಲಸ್ಥರಿಗೆ ಮಾರಿ, ಬಂದ ಲಾಭವನ್ನು ಒಳಗಿನ ಸಣ್ಣ ನಿವೇಶನಗಳ ಬೆಲೆ ಇಳಿಸಲು ಬಳಸಿದರು. ಬಡವನಿಗೆ ಕೊಟ್ಟದ್ದು ಪೂರ್ತಿ ಮನೆಯಲ್ಲ. ಪಾಯ ಹಾಕಿ ಎತ್ತರಿಸಿದ ನೆಲ, ಒಳಚರಂಡಿಗೆ ಸೇರಿದ ಪಾಯಖಾನೆ, ಬಚ್ಚಲು, ನಲ್ಲಿ. ಶಕ್ತಿಯಿದ್ದವರಿಗೆ ಒಂದು ಕೋಣೆ. ಉಳಿದದ್ದು ಅವರವರ ಕೈಯಲ್ಲಿ. ಹೇಗೆಲ್ಲ ಬೆಳೆಸಬಹುದು ಎಂದು ತೋರಿಸಲು ದೋಶಿಯವರು 80 ಮಾದರಿ ಮನೆಗಳನ್ನು ಕಟ್ಟಿಸಿದರು: ಬೀದಿಗೆ ಅವರ ಕಡೆಯ ಓಟ್ಲಾ, ನಮ್ಮ ಕಡೆಯ ಕಟ್ಟೆ, ಹೊರಗಿನಿಂದಲೇ ಏರುವ ಮೆಟ್ಟಿಲು.

ಆ ಹೊರಮೆಟ್ಟಿಲನ್ನು ಛಾಯಾಚಿತ್ರಗಳಲ್ಲಿ ನೋಡಿ ಸೌಂದರ್ಯದ ವಿಷಯ ಎಂದುಕೊಳ್ಳುವವರೇ ಹೆಚ್ಚು. ಅದು ಆರ್ಥಿಕ ವಿಷಯ. ಮೆಟ್ಟಿಲು ಮನೆಯೊಳಗಿದ್ದರೆ ಮೇಲಿನ ಕೋಣೆ ಮಗನ ಸಂಸಾರಕ್ಕಷ್ಟೇ ಆಗುತ್ತದೆ. ಹೊರಗಿದ್ದರೆ ಬಾಡಿಗೆಗೂ ಕೊಡಬಹುದು. ಗಂಡ ಸತ್ತ ಹೆಂಗಸಿಗೆ, ಕೈಕಾಲು ಬಿದ್ದ ಗಾರೆ ಕೆಲಸದವನಿಗೆ ಆ ಬಾಡಿಗೆಯೇ ಪಿಂಚಣಿ. ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಇದು ಹೊಸದಲ್ಲ. ಸರ್ಕಾರಿ ವಸತಿ ಯೋಜನೆಗಳು ಮಾತ್ರ ಬಾಡಿಗೆ ಕೊಡುವುದನ್ನು ವಂಚನೆಯಂತೆ ನೋಡುತ್ತವೆ. ಅನುಕೂಲಸ್ಥನ ಬಾಡಿಗೆ ಹೂಡಿಕೆ, ಬಡವನ ಬಾಡಿಗೆ ಅಪರಾಧ ಎಂಬ ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ.

ಅರಣ್ಯಕ್ಕೆ 1995ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಈಗ ಹೋಗಿ ನೋಡಿದವರು ಎರಡು ಬಗೆಯಲ್ಲಿ ಮಾತಾಡುತ್ತಾರೆ. ಮಾದರಿ ಮನೆಗಳಲ್ಲಿ ಹಲವು ಗುರುತು ಸಿಗದಷ್ಟು ಬದಲಾಗಿವೆ, ನಿವೇಶನಗಳು ಕೈಬದಲಾಗಿ, ಪಕ್ಕಪಕ್ಕದವು ಕೂಡಿಕೊಂಡು ದೊಡ್ಡ ಮನೆಗಳಾಗಿವೆ, ಮಧ್ಯಮವರ್ಗ ಒಳಬಂದಿದೆ. ಆದ್ದರಿಂದ ಯೋಜನೆ ಸೋತಿತು ಎನ್ನುತ್ತಾರೆ ಒಬ್ಬರು. ಊರು ಜೀವಂತವಾಗಿದೆ, ಇದೇ ಗೆಲುವು ಎನ್ನುತ್ತಾರೆ ಇನ್ನೊಬ್ಬರು. ಮಾದರಿ ಮನೆಯ ಕಮಾನು ಒಡೆದದ್ದಕ್ಕೆ ನನಗೇನೂ ದುಃಖವಿಲ್ಲ, ದೋಶಿಯವರಿಗೂ ಇದ್ದಿರಲಿಕ್ಕಿಲ್ಲ. ಮೊದಲ ಹಕ್ಕುದಾರರು ಮಾರಿ ಎಲ್ಲಿ ಹೋದರು ಎಂಬುದು ಮಾತ್ರ ನಿಜವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸುವ ಈ ಯೋಚನೆ ದೋಶಿಯವರೊಬ್ಬರದೇ ಅಲ್ಲ. ಪೆರು ದೇಶದ ರಾಜಧಾನಿ ಲಿಮಾದ ಸುತ್ತ ಜನ ಖಾಲಿ ಜಾಗ ಹಿಡಿದು ಚಾಪೆಯ ಗುಡಿಸಲಿನಿಂದ ಆರಂಭಿಸಿ ಇಪ್ಪತ್ತು ವರ್ಷಗಳಲ್ಲಿ ಇಟ್ಟಿಗೆಯ ಮಹಡಿ ಮನೆ ಎಬ್ಬಿಸುವುದನ್ನು ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾನ್ ಟರ್ನರ್ 1950-60ರ ದಶಕಗಳಲ್ಲಿ ಅಲ್ಲೇ ಇದ್ದು ಕಂಡಿದ್ದರು. ಆ ದೇಶದ ಅಧ್ಯಕ್ಷ ಬೆಲಾಉಂಡೆ ಸ್ವತಃ ವಾಸ್ತುಶಿಲ್ಪಿ. ಅವರ ಕಾಲದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಪ್ರೆವಿ ಎಂಬ ಪ್ರಯೋಗ ಶುರುವಾಯಿತು. ಸ್ಪರ್ಧೆಗೆ ಬಂದವರಲ್ಲಿ ಇಂಗ್ಲೆಂಡಿನ ಸ್ಟರ್ಲಿಂಗ್, ಹಾಲೆಂಡಿನ ವಾನ್ ಐಕ್, ಜಪಾನಿನ ಕುರೊಕಾವಾ, ಭಾರತದ ಚಾರ್ಲ್ಸ್ ಕೊರಿಯಾ ಇದ್ದರು. ಆಲಮಟ್ಟಿ ಹಿನ್ನೀರಿಗೆ ಸಿಕ್ಕ ಬಾಗಲಕೋಟೆಗೆ ಮುಂದೆ ನವನಗರದ ಯೋಜನೆ ಹಾಕಿಕೊಟ್ಟವರೂ ಇದೇ ಕೊರಿಯಾ. 1968ರಲ್ಲಿ ಸೇನೆ ಬೆಲಾಉಂಡೆಯವರನ್ನು ಕೆಳಗಿಳಿಸಿದರೂ ಪ್ರಯೋಗ ಬದುಕಿ, ಐನೂರರಷ್ಟು ಮನೆಗಳು ಎದ್ದವು. ಈಗ ಅವುಗಳ ಮೇಲೆ ಎರಡನೆಯ, ಮೂರನೆಯ ಮಹಡಿಗಳಿವೆ. ಮುಂದಿನ ಕೋಣೆ ಅಂಗಡಿಯಾಗಿದೆ, ಕೆಲವು ಶಾಲೆಗಳಾಗಿವೆ. ಯಾವ ಮನೆ ಯಾವ ಮಹಾಶಯರ ವಿನ್ಯಾಸ ಎಂದು ಹುಡುಕಿ ಹೇಳಬೇಕಾಗುತ್ತದೆ.

ಚಿಲಿಯ ಇಕಿಕೆ ನಗರದ್ದು ಇನ್ನೂ ಬಿಗಿಯಾದ ಲೆಕ್ಕ. ಊರ ನಡುವಿನ ಅರ್ಧ ಹೆಕ್ಟೇರ್ ಜಾಗದಲ್ಲಿ ನೂರರ ಹತ್ತಿರ ಕುಟುಂಬಗಳು ಮೂವತ್ತು ವರ್ಷಗಳಿಂದ ಕಾನೂನಿಗೆ ಹೊರಗಾಗಿ ನೆಲೆಸಿದ್ದವು. ಸರ್ಕಾರ ಕೊಡುವುದು ಕುಟುಂಬಕ್ಕೆ 7,500 ಡಾಲರ್; ಭೂಮಿ, ಚರಂಡಿ, ಮನೆ ಎಲ್ಲ ಅದರಲ್ಲೇ ಆಗಬೇಕು. ಊರಾಚೆ ಹೋದರೆ ಆ ದುಡ್ಡಿಗೆ ಪೂರ್ತಿ ಮನೆ ಸಿಗುತ್ತಿತ್ತೇನೋ, ಕೆಲಸ ಮಾತ್ರ ಸಿಗುತ್ತಿರಲಿಲ್ಲ. ಅಲೆಹಾಂಡ್ರೊ ಅರಾವೆನಾ ಮತ್ತು ಅವರ ಎಲೆಮೆಂಟಲ್ ಸಂಸ್ಥೆ ಅದೇ ದುಬಾರಿ ಜಾಗ ಉಳಿಸಿಕೊಂಡು ಅರ್ಧ ಮನೆ ಕಟ್ಟಿಕೊಟ್ಟರು. ಯಾವ ಅರ್ಧ? ಬಡವ ತಾನಾಗಿ ಕಟ್ಟಿಕೊಳ್ಳಲಾಗದ ಅರ್ಧ. ಅಡುಗೆಮನೆ, ಬಚ್ಚಲು, ಮೆಟ್ಟಿಲು, ಎರಡು ಮನೆಗಳ ನಡುವಿನ ಗೋಡೆ, ಇಡೀ ಕಟ್ಟಡದ ಭಾರ ಹೊರುವ ಚೌಕಟ್ಟು. ಎರಡು ಮನೆಗಳ ನಡುವೆ ಖಾಲಿ ಎಡೆ ಬಿಟ್ಟರು. ಅದನ್ನು ಇಟ್ಟಿಗೆಯಿಂದಲೋ ಹಲಗೆಯಿಂದಲೋ ಮನೆಯವರು ತುಂಬಿಕೊಂಡರು. ಸುಮಾರು ಇಪ್ಪತ್ತು ಕುಟುಂಬಗಳಿಗೆ ಒಂದು ಅಂಗಳ. 2004ರಲ್ಲಿ ಮುಗಿಯಿತು, ಕೆಲವೇ ವರ್ಷಗಳಲ್ಲಿ ಎಡೆಗಳೆಲ್ಲ ತುಂಬಿದವು. ಸರ್ಕಾರದ ಕೆಲಸ ಅರ್ಧಕ್ಕೆ ನಿಲ್ಲುವುದನ್ನು ನಾವು ಎಷ್ಟೋ ಕಂಡಿದ್ದೇವೆ. ಆದರೆ ನಮ್ಮಲ್ಲಿ ನಿಲ್ಲುವ ಅರ್ಧ ಯಾವಾಗಲೂ ಚರಂಡಿಯದು!

ಇನ್ನು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿಗೆ ಬರುತ್ತೇನೆ. ಇಡೀ ಉಪನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಕಥೆ ಇದು; ಇದರಲ್ಲಿ ವಾಸ್ತುಶಿಲ್ಪಿಯೇ ಇಲ್ಲ. ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರ ಬಡವರಿಗೆಂದು ನಿವೇಶನ ಹಂಚುತ್ತಿತ್ತು. ನಿವೇಶನಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತಿದ್ದವು. ಪಡೆದವರು ಬೆಲೆ ಏರಲೆಂದು ಕಾಯುವವರು. ಬಡವ ಅತ್ತ ಪುಡಾರಿಗೆ ದುಡ್ಡು ಕೊಟ್ಟು ಒತ್ತುವರಿ ಜಾಗದಲ್ಲಿ ಗುಡಿಸಲು ಹಾಕುತ್ತಿದ್ದ. ಪ್ರಾಧಿಕಾರದ ಅಧಿಕಾರಿ ತಸ್ನೀಮ್ ಸಿದ್ದಿಕಿ ಇದನ್ನು ಗಮನಿಸಿದರು. ಒತ್ತುವರಿ ಮಾಡಿಸುವ ಪುಡಾರಿ ಅರ್ಜಿ ಕೇಳುವುದಿಲ್ಲ, ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಇವತ್ತು ಬಂದವನಿಗೆ ಇವತ್ತೇ ಜಾಗ ತೋರಿಸುತ್ತಾನೆ, ಸ್ವಲ್ಪ ಮುಂಗಡ ತೆಗೆದುಕೊಳ್ಳುತ್ತಾನೆ, ನೀರು ದೀಪ ಆಮೇಲೆ. ಬಡವನಿಗೆ ಒಗ್ಗುವ ಕ್ರಮ ಅದು. 1986ರಲ್ಲಿ ಶುರುವಾದ ‘ಖುದಾ ಕಿ ಬಸ್ತಿ’ಯಲ್ಲಿ ಸಿದ್ದಿಕಿ ಅದೇ ಕ್ರಮವನ್ನು ಕಾನೂನಿನ ಒಳಗೆ ತಂದರು.

ಮನೆ ಬೇಕಾದವರು ಹೆಂಡತಿ ಮಕ್ಕಳು ಪಾತ್ರೆಪಗಡಿ ಸಮೇತ ಬಂದು ಮೊದಲು ತಂಗುದಾಣದಲ್ಲಿ ಇರಬೇಕು. ನಿಜವಾಗಿ ಸೂರಿಲ್ಲದವರು ಮಾತ್ರ ಹಾಗೆ ಬಂದು ಕೂರುತ್ತಾರೆ. ಬೆಲೆಗೆ ಕಾಯುವವನು ಬರುವುದಿಲ್ಲ. ಆಮೇಲೆ ನಿವೇಶನ, ಸಣ್ಣ ಮುಂಗಡ, ತಿಂಗಳ ಕಂತು. ಮನೆ ಹೇಗಾದರೂ ಕಟ್ಟಿಕೊಳ್ಳಿ, ಬೊಂಬಿನದಾದರೂ ಸರಿ, ಆದರೆ ಅಲ್ಲೇ ವಾಸವಿರಬೇಕು. ಬಿಟ್ಟುಹೋದರೆ ನಿವೇಶನ ಇನ್ನೊಬ್ಬರಿಗೆ. ಶುರುವಿನಲ್ಲಿ ಹಂಚಿಕೊಂಡು ಬಳಸುವ ನೀರು, ಹೋಗಿಬರುವ ಬಸ್ಸು, ಅಷ್ಟೇ. ಕಂತಿನ ಹಣ ಕೂಡಿದಂತೆ ಬೀದಿಯವರು ಸೇರಿ ಮುಂದಿನದನ್ನು ಒಂದೊಂದಾಗಿ ತರಿಸಿಕೊಳ್ಳಬೇಕು. ಹಕ್ಕುಪತ್ರ ಕೊನೆಗೆ. ಅರಣ್ಯಕ್ಕೆ ಪ್ರಶಸ್ತಿ ಬಂದ 1995ರಲ್ಲೇ ಇದಕ್ಕೂ ಅದೇ ಆಗಾ ಖಾನ್ ಪ್ರಶಸ್ತಿ ಬಂತು. ವಾಸ್ತುಶಿಲ್ಪದ ಪ್ರಶಸ್ತಿಯನ್ನು ಒಂದು ಆಡಳಿತ ಕ್ರಮಕ್ಕೆ ಕೊಟ್ಟ ತೀರ್ಪುಗಾರರ ಧೈರ್ಯ ಮೆಚ್ಚತಕ್ಕದ್ದು. ಇದರಲ್ಲಿ ಕಷ್ಟವಿಲ್ಲವೇ? ಇದೆ. ಚರಂಡಿ ಬರುವ ತನಕ ಹೆಂಗಸರು ಮಕ್ಕಳು ಪಟ್ಟ ಪಾಡು ಸಣ್ಣದಿರಲಾರದು. ನನ್ನನ್ನು ಕೇಳಿದರೆ ನೀರು, ಪಾಯಖಾನೆಗಳಲ್ಲಿ ನಾನು ದೋಶಿಯವರ ಕಡೆ. ಯಾರಿಗೆ, ಯಾವ ಕ್ರಮದಲ್ಲಿ ಕೊಡಬೇಕೆಂಬುದರಲ್ಲಿ ಸಿದ್ದಿಕಿಯವರ ಕಡೆ.

ಶ್ರೀಲಂಕಾದಲ್ಲೂ ಸರ್ಕಾರ ಮೊದಲು ತಾನೇ ಲಕ್ಷ ಮನೆ ಕಟ್ಟಲು ಹೊರಟು, 1984ರ ದಶಲಕ್ಷ ಮನೆ ಕಾರ್ಯಕ್ರಮದ ಹೊತ್ತಿಗೆ ಸಣ್ಣ ಸಾಲ ಕೊಟ್ಟು ಹಿಂದೆ ಸರಿಯುವುದನ್ನು ಕಲಿತಿತ್ತು. ನಮ್ಮ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲೂ, 2015ರಲ್ಲಿ ಘೋಷಿಸಿದ ನಾಲ್ಕು ದಾರಿಗಳಲ್ಲಿ ಅತಿ ಹೆಚ್ಚು ಮನೆಗಳು ಮಂಜೂರಾದದ್ದು ಫಲಾನುಭವಿಯೇ ತನ್ನ ಜಾಗದಲ್ಲಿ ಕಟ್ಟಿಕೊಳ್ಳುವ ದಾರಿಯಲ್ಲಿ. ಜಾಗವೇ ಇಲ್ಲದವನಿಗೆ ಆ ದಾರಿ ಮುಚ್ಚಿದೆ ಎಂಬುದನ್ನು ಬಿಟ್ಟರೆ ದಿಕ್ಕು ಸರಿಯಾದದ್ದೇ.

ಈಗ ಮಾರಾಟದ ವಿಷಯ. ಬಡವನಿಗೆ ಮನೆ ಕೊಟ್ಟರೆ ಮಾರಿಕೊಂಡು ಮತ್ತೆ ಗುಡಿಸಲಿಗೆ ಹೋಗುತ್ತಾನೆ ಎಂಬ ಮಾತನ್ನು ಕಚೇರಿಗಳಲ್ಲಿ ದಿನವೂ ಕೇಳುತ್ತೇವೆ. ಅದಕ್ಕೆಂದು ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಹಾಕುತ್ತೇವೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಬಂದಾಗ ಮಾರಾಟ ನಿಲ್ಲುವುದಿಲ್ಲ. ಜಿಪಿಎ ಬರೆದುಕೊಟ್ಟು ಅರ್ಧ ಬೆಲೆಗೆ ಹೋಗುತ್ತದೆ. ಷರತ್ತಿನಿಂದ ಬಡವನ ಮನೆ ಉಳಿಯಲಿಲ್ಲ, ಕೊಳ್ಳುವವನಿಗೆ ರಿಯಾಯಿತಿ ಸಿಕ್ಕಿತು. ಮನೆ ಅವನ ಬಳಿಯಿರುವ ಒಂದೇ ಆಸ್ತಿ. ಕಷ್ಟಕ್ಕೆ ಆಸ್ತಿ ಮಾರುವುದನ್ನು ನಾವು ನಮ್ಮ ಮನೆಗಳಲ್ಲಿ ವಿವೇಕ ಎನ್ನುತ್ತೇವೆ. ಥಾಯ್ಲೆಂಡಿನವರು ಬೇರೆ ದಾರಿ ಹಿಡಿದರು. 2003ರಲ್ಲಿ ಆರಂಭವಾದ ಅವರ ಬಾನ್ ಮನ್‌ಕಾಂಗ್ ಕಾರ್ಯಕ್ರಮದಲ್ಲಿ ಸರ್ಕಾರಿ ಸಂಸ್ಥೆ ಹಣ ಕೊಡುವುದು ಒಬ್ಬೊಬ್ಬರಿಗಲ್ಲ, ಕೇರಿಯವರು ಕಟ್ಟಿಕೊಂಡ ಸಹಕಾರ ಸಂಘಕ್ಕೆ. ಮೊದಲು ಉಳಿತಾಯದ ಗುಂಪು, ಆಮೇಲೆ ಸಾಲ. ನೆಲವನ್ನು ಕೊಳ್ಳುವುದೋ ದೀರ್ಘಾವಧಿ ಗುತ್ತಿಗೆಗೆ ಪಡೆಯುವುದೋ ಸಂಘದ ಹೆಸರಿನಲ್ಲೇ. ಮನೆ ಬಿಡುವವರು ಸಂಘಕ್ಕೇ ಬಿಟ್ಟುಕೊಟ್ಟರೆ ಆ ಬಾಗಿಲು ಇನ್ನೊಬ್ಬ ಬಡವನಿಗೇ ತೆರೆಯುತ್ತದೆ. ಸ್ತ್ರೀಶಕ್ತಿ ಗುಂಪುಗಳು, ಹಾಲಿನ ಸೊಸೈಟಿಗಳು ಊರೂರಿಗೆ ಇರುವ ಕರ್ನಾಟಕದಲ್ಲಿ ಇದು ಆಗದ ಕೆಲಸವೇನಲ್ಲ. ಆದರೆ ಸೊಸೈಟಿಯ ಚುನಾವಣೆ ಹೇಗೆ ನಡೆಯುತ್ತದೆ ಎಂಬುದನ್ನೂ ನಾವು ಬಲ್ಲೆವು. ಆ ಕಾರಣಕ್ಕೆ ನನ್ನ ಉತ್ಸಾಹಕ್ಕೆ ಒಂದು ಮೂಗುದಾರ ಹಾಕಿಕೊಂಡಿದ್ದೇನೆ.

ಬೆಂಗಳೂರಿನಂಥ ಊರಿನಲ್ಲಿ 380 ಚದರ ಅಡಿ ನೆಲ ಎಲ್ಲಿಂದ ತರುವುದು, ನಾಲ್ಕು ಮಹಡಿಯ ಬ್ಲಾಕುಗಳಲ್ಲದೆ ಗತಿಯೇನಿದೆ ಎಂದು ನೀವು ಕೇಳುತ್ತೀರಿ. ಕೆಲವು ಕಡೆ ಗತಿಯಿಲ್ಲ ನಿಜ. ಆದರೆ ಊದುಬತ್ತಿ ಹೊಸೆಯುವ ಹೆಂಗಸು ಅದನ್ನು ಎಲ್ಲಿ ಒಣಗಿಸಬೇಕು, ಸೊಪ್ಪಿನ ತಳ್ಳುಗಾಡಿ ರಾತ್ರಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಜಾಗ ತೋರಿಸಬೇಕು. ಕಾರಿಡಾರು ನಾಲ್ಕು ಅಡಿಯಿದ್ದರೆ ಅದು ಬರೀ ದಾರಿ, ಏಳು ಅಡಿಯಾದರೆ ಅದೇ ಕಟ್ಟೆ. ಆ ಮೂರು ಅಡಿಯನ್ನು ವ್ಯರ್ಥ ವಿಸ್ತೀರ್ಣ ಎಂದು ಲೆಕ್ಕ ಹಾಕುವವರೆಗೆ ಕಾರಿಡಾರಿನಲ್ಲಿ ಹೂವಿನ ಕುಂಡಕ್ಕೂ ಜಗಳವೇ. ಲಿಫ್ಟು ಇಡುವುದಾದರೆ ಅದರ ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆಂದು ಟೆಂಡರಿಗೆ ಮೊದಲೇ ಬರೆದುಕೊಳ್ಳಿ. ಇಲ್ಲವಾದರೆ ಇಡಬೇಡಿ, ಎತ್ತರವನ್ನೇ ಮೂರು ಮಹಡಿಗೆ ಇಳಿಸಿ.

ಬೆಳೆಯುವ ಮನೆಯ ಮಾತಾಡುವಾಗ ಇಂಜಿನಿಯರಾಗಿ ನನಗೆ ಒಂದು ಭಯವೂ ಇದೆ. ಒಂದಂತಸ್ತಿಗೆಂದು ಹಾಕಿದ ಪಾಯದ ಮೇಲೆ ಮೂರಂತಸ್ತು ಏಳುತ್ತದೆ. ಕಂಬಗಳಿಲ್ಲದ ಇಟ್ಟಿಗೆ ಗೋಡೆಯ ಮೇಲೆ ಬೀದಿಯ ಕಡೆಗೆ ಮೂರು ಅಡಿ ಬಾಲ್ಕನಿ ಚಾಚುತ್ತದೆ. ಮುಂದೆಂದಾದರೂ ಮಹಡಿ ಹಾಕೋಣವೆಂದು ತಾರಸಿಯಲ್ಲಿ ಬಿಟ್ಟ ಕಾಲಮ್ಮಿನ ಕಂಬಿಗಳು ಹತ್ತು ಮಳೆಗಾಲ ತುಕ್ಕು ಹಿಡಿದಿರುತ್ತವೆ. ಅದಕ್ಕೇ ಹೊಸ ಕಂಬಿ ಕಟ್ಟಿ ಕಾಂಕ್ರೀಟು ಸುರಿಯುತ್ತಾರೆ. ತಪ್ಪು ಕಟ್ಟಿದವರದು ಎನ್ನುವುದು ಸುಲಭ. ಮನೆ ಬೆಳೆಯುತ್ತದೆಂದು ನಮಗೆ ಗೊತ್ತಿತ್ತು; ಗೊತ್ತಿದ್ದೂ ನಾವು ಬೆಳೆಯದ ಮನೆಗೆ ಲೆಕ್ಕ ಮಾಡಿದೆವು. ಇಕಿಕೆಯವರು ಕೊನೆಗೆ ಮನೆ ಎಷ್ಟು ದೊಡ್ಡದಾಗುತ್ತದೋ ಅಷ್ಟಕ್ಕೆ ಚೌಕಟ್ಟು ಲೆಕ್ಕ ಹಾಕಿ, ಎಲ್ಲಿಯವರೆಗೆ ಹೋಗಬಹುದೆಂಬ ಗೆರೆಯನ್ನೂ ಕಟ್ಟಡದಲ್ಲೇ ಹಾಕಿದರು. ನಮ್ಮ ಮನೆ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಬಣ್ಣ, ಟೈಲ್ಸು, ಮುಂಬಾಗಿಲ ಮೇಲಿನ ನಾಮಫಲಕಗಳಿಗೆ ಹೋಗುವ ದುಡ್ಡನ್ನು ಬಿಟ್ಟು, ಎರಡು ಮಹಡಿ ತಾಳುವ ಪಾಯ, ನಾಲ್ಕು ಮೂಲೆಗೆ ನಾಲ್ಕು ಕಾಲಂ, ಲಿಂಟಲ್ ಮಟ್ಟದ ಕಾಂಕ್ರೀಟು ಪಟ್ಟಿ, ಹೊರಮೆಟ್ಟಿಲು, ಇವುಗಳಿಗೆ ಹಾಕೋಣ. ಗೋಡೆಗೆ ಗಿಲಾವು ಇಲ್ಲದಿದ್ದರೆ ಬೇಡ. ಅದನ್ನು ಮನೆಯವರು ಮುಂದಿನ ಸುಗ್ಗಿಗೆ ಮಾಡಿಸಿಕೊಳ್ಳುತ್ತಾರೆ. ಉದ್ಘಾಟನೆಯ ಫೋಟೋದಲ್ಲಿ ಮನೆ ಅಪೂರ್ಣವಾಗಿ ಕಾಣುತ್ತದೆ ಎಂದು ಆಕ್ಷೇಪ ಬರುತ್ತದೆ. ಬರಲಿ, ಲೆಕ್ಕಪರಿಶೋಧನೆಗೆ ಉತ್ತರ ಬರೆದುಕೊಡಲು ನಮ್ಮ ವಿಭಾಗದ ನಿವೃತ್ತರು ನಾಲ್ಕಾರು ಜನ ಸಿದ್ಧರಿದ್ದೇವೆ.